ಅರ್ಧಚ್ಛೇದವೂ ಅವಿಭಾಜ್ಯತೆಯೂ

ಮೂಡಬಿದಿರೆಯ ತಾಡಪತ್ರಗಳಲ್ಲಿ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಬಳಸುವ ‘ಅರ್ಧಚ್ಛೇದ’ ಎಂಬ ಪರಿಭಾಷೆ ಗಣಿತದ ಇತಿಹಾಸಕಾರರಿಗೆ ಸುಪರಿಚಿತ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಅಷ್ಟು ಅದರ ಅರ್ಧಚ್ಛೇದ, 32ಕ್ಕೆ ಐದು. ನೇಮಿಚಂದ್ರರ ಗೊಮ್ಮಟಸಾರವು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಅಕ್ಷರಸಂಜ್ಞೆಗಳ ಮೂಲಕ 29 ಅಂಕೆಗಳಲ್ಲಿ ಹೇಳುತ್ತದೆ. ಅದು 2ರ 96ನೆಯ ಘಾತ. ಎಂದರೆ ಅದರ ಅರ್ಧಚ್ಛೇದ 96.

ಇಂತಹ ರಾಶಿಯಿಂದ ಒಂದನ್ನು ಕಳೆದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಈಗ ಅರ್ಧಿಸಲು ಬಾರದು. ಬೇರೆ ಯಾವುದರಿಂದಲಾದರೂ ಭಾಗವಾದೀತೆ? ಘಾತಾಂಕವು 96ರಂತೆ ವಿಭಾಜ್ಯವಾಗಿದ್ದರೆ ಫಲವೂ ವಿಭಾಜ್ಯವೇ. ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಫಲ ಅವಿಭಾಜ್ಯವಾಗದು: 2ರ 11ನೆಯ ಘಾತದಿಂದ ಒಂದನ್ನು ಕಳೆದರೆ ಬರುವ 2047, 23 ಮತ್ತು 89ರ ಗುಣಲಬ್ಧ. ಅರ್ಧಚ್ಛೇದವನ್ನು ಮುಂದಿಟ್ಟು ಈ ವಿಚಾರವೂ ನಮ್ಮ ಆಚಾರ್ಯರಲ್ಲಿ ಮೊದಲೇ ಇತ್ತೆಂದು ಸಾಧಿಸಹೊರಡುವುದು ಉಚಿತವಲ್ಲ. ಅವರ ಉದ್ದೇಶ ರಾಶಿಯ ಪ್ರಮಾಣವನ್ನು ಅಳೆಯುವುದು. ಇಲ್ಲಿಯದು ಅದರ ಭಾಜಕಗಳ ವಿಚಾರಣೆ.

ಆ ವಿಚಾರಣೆಗೆ ಹೆಸರು ಕೊಟ್ಟವನೂ ಒಬ್ಬ ಸಂನ್ಯಾಸಿಯೇ: ಫ್ರಾನ್ಸಿನ ಮಾರೆನ್ ಮೆರ್ಸೆನ್. 1644ರಲ್ಲಿ ಅವನು ಅವಿಭಾಜ್ಯ ಫಲ ಕೊಡುವ ಘಾತಾಂಕಗಳನ್ನು 257ರವರೆಗೆ ಪಟ್ಟಿಮಾಡಿದ. 67 ಮತ್ತು 257 ತಪ್ಪಾಗಿ ಸೇರಿದವು; 61, 89, 107 ಬಿಟ್ಟುಹೋದವು. 127 ಮಾತ್ರ ಸರಿಯಾಗಿತ್ತು.

ಅದನ್ನು ಸಿದ್ಧಪಡಿಸಿದವನು ಎದುವಾರ್ ಲ್ಯೂಕಾಸ್, 1876ರಲ್ಲಿ. ಸಂಖ್ಯೆ ಇದು: 170141183460469231731687303715884105727. ಒಂದೊಂದೇ ಭಾಜಕವನ್ನು ಪರೀಕ್ಷಿಸುವುದಾದರೆ 20 ಅಂಕೆಗಳ ಸಂಖ್ಯೆಗಳವರೆಗೆ ಹೋಗಬೇಕು, ಮನುಷ್ಯಮಾತ್ರರಿಗೆ ಅಸಾಧ್ಯ. ಲ್ಯೂಕಾಸ್ ಭಾಜಕವನ್ನು ಹುಡುಕಲೇ ಇಲ್ಲ. ಅವನ ವಿಧಾನವನ್ನು ಇಂದಿನ ಸರಳ ರೂಪದಲ್ಲಿ ಹೀಗೆ ಹೇಳಬಹುದು: 3ರಿಂದ ಆರಂಭಿಸಿ, ವರ್ಗಮಾಡಿ 2 ಕಳೆಯುತ್ತ, ಪರೀಕ್ಷೆಗೊಳಗಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತ ಹೋಗುವುದು. (4ರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯ ಘಾತಾಂಕಗಳಿಗೆ ಇದು ಸಲ್ಲುತ್ತದೆ.) ಘಾತಾಂಕಕ್ಕಿಂತ ಒಂದು ಕಡಿಮೆ ಕ್ರಮಾಂಕದ ಪದ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಅಲ್ಲ. 2ರ 7ನೆಯ ಘಾತದಿಂದ ಒಂದು ಕಳೆದ 127ರಲ್ಲೇ ಓದುಗರು ಇದನ್ನು ಪರೀಕ್ಷಿಸಬಹುದು: 3, 7, 47, 48, 16, 0. ಆರನೆಯ ಪದ ಸೊನ್ನೆ. ಲ್ಯೂಕಾಸನ ಸಂಖ್ಯೆಗೆ ಇಂತಹ 126 ಪದಗಳು ಸಾಕು.

ಈ ವಿಧಾನದ ಇನ್ನೊಂದು ಮುಖ ನನಗೆ ಹೆಚ್ಚು ವಿಸ್ಮಯಕರ. ಘಾತಾಂಕ 67ರ ಸಂಖ್ಯೆ ವಿಭಾಜ್ಯವೆಂದು ಲ್ಯೂಕಾಸ್ ಅದೇ ವರ್ಷ ಭಾಜಕವೊಂದನ್ನೂ ಕಾಣದೆ ತೋರಿಸಿದ. 193707721 ಮತ್ತು 761838257287 ಎಂಬ ಅದರ ಭಾಜಕಗಳನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಪ್ರಕಟಿಸಿದ್ದು 1903ರಲ್ಲಿ.

ಘಾತಾಂಕ 127ರ ಸಂಖ್ಯೆ 1951ರವರೆಗೆ, 75 ವರ್ಷ, ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿ ಉಳಿಯಿತು. ಆ ವರ್ಷ ಗಣಕಯಂತ್ರದ ನೆರವಿನಿಂದ ಮಿಲ್ಲರ್ ಮತ್ತು ವೀಲರ್ ಕಂಡುಕೊಂಡ 79 ಅಂಕೆಗಳ ಅವಿಭಾಜ್ಯವನ್ನು ಕಟ್ಟಿದ್ದೂ ಇದರ ಮೇಲೆಯೇ: ಲ್ಯೂಕಾಸನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಅದು ದೊರೆಯುತ್ತದೆ.