ಹದಿನೇಳು ಮಕ್ಕಳ ಲೆಕ್ಕ

ಸರ್ಕಾರಿ ಶಾಲೆಗಳ ಫಲಿತಾಂಶದ ಮಾತು ಬಂದಾಗಲೆಲ್ಲ ಊರ ಕಟ್ಟೆಯಿಂದ ಹಿಡಿದು ಅಧಿಕಾರಿಗಳ ಮೀಟಿಂಗಿನವರೆಗೆ ಒಂದೇ ರಾಗ: ಈ ಮಕ್ಕಳಿಗೆ ಓದು ತಲೆಗೆ ಹತ್ತೋದಿಲ್ಲ. ಈ ಮಕ್ಕಳು ಅಂದರೆ ಯಾರು? ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತು. ಕೇರಿಯ ಮಕ್ಕಳು, ಕೂಲಿಯವರ ಮಕ್ಕಳು. ಇವರಿಗೆ ಓದು ಹತ್ತಲಿಲ್ಲವೋ, ಹತ್ತಲು ಬಿಡಲಿಲ್ಲವೋ? ಇದಕ್ಕೆ ಸಾಕ್ಷಿಯಾಗಿ ನಮ್ಮ ಬಾಯಿಮಾತು ಬೇಡ, ಸರ್ಕಾರದ್ದೇ ಹಳೆಯ ಕಾಗದಗಳಿವೆ.

ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಿಂದ 1827ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದವನು. ಇಂದಿನ ಧಾರವಾಡ, ಬೆಳಗಾವಿಯ ಕಡೆಯ ನೆಲವೂ ಆಗ ಆ ಆಡಳಿತಕ್ಕೇ ಸೇರಿತ್ತು. ಶಿಕ್ಷಣದ ಬಗ್ಗೆ ಅವನು ಬರೆದ ಟಿಪ್ಪಣಿಯಲ್ಲಿ ಒಂದು ಮಾತಿದೆ. ಮಿಷನರಿಗಳ ಅನುಭವದಲ್ಲಿ ಅತ್ಯಂತ ಕೆಳಗಿನ ಜಾತಿಯವರೇ ಒಳ್ಳೆಯ ವಿದ್ಯಾರ್ಥಿಗಳಂತೆ. ಹಾಗಾದರೆ ಮೊದಲು ಅವರಿಗೇ ಕಲಿಸಬೇಕಲ್ಲವೆ? ಅಲ್ಲ. ಅವರಿಗೆ ವಿಶೇಷ ಪ್ರೋತ್ಸಾಹ ಕೊಡುವಾಗ ಹುಷಾರಾಗಿರಬೇಕು, ಹೊಸ ವಿದ್ಯೆ ಮೊದಲು ಅವರಲ್ಲಿ ಬೇರು ಬಿಟ್ಟರೆ ಅದು ಮುಂದಕ್ಕೆ ಹರಡುವುದೇ ಇಲ್ಲ, ಎಂಬುದು ಅವನ ತೀರ್ಮಾನ. ಗಮನಿಸಿ, ಇವರು ದಡ್ಡರು ಎಂದು ಅವನು ಎಲ್ಲೂ ಹೇಳಲಿಲ್ಲ. ಚೆನ್ನಾಗಿ ಕಲಿಯುತ್ತಾರೆ ಎಂದು ಒಪ್ಪಿಕೊಂಡೇ ಹಿಂದಕ್ಕೆ ಸರಿಸಿದ. ಪ್ರತಿಭೆಯ ಮಾತು ಅಲ್ಲಿಗೆ ಮುಗಿಯಿತು. ಮೇಲುಜಾತಿಯವರ ಮುನಿಸಿನ ಮಾತು ಶುರುವಾಯಿತು.

ಈ ಮುನಿಸಿನ ಲೆಕ್ಕಾಚಾರ ನಮ್ಮ ಧಾರವಾಡದಲ್ಲೇ ಬಯಲಾಯಿತು. 1856ರ ಜೂನ್ ತಿಂಗಳು. ಮಹಾರ್ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಎಲ್ಲರಂತೆ ಫೀ ಕಟ್ಟಲು ಸಿದ್ಧನಿದ್ದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಜುಲೈ 21ರಂದು ಸರ್ಕಾರ ತನ್ನ ನಿರ್ಣಯ ಬರೆಯಿತು. ನ್ಯಾಯವೇನೋ ಹುಡುಗನ ಕಡೆಗೇ ಇದೆ ಎಂದಿತು. ಆದರೆ ಒಬ್ಬಿಬ್ಬರಿಗಾಗಿ ಕಾಲಕಾಲದ ಕಟ್ಟುಪಾಡಿಗೆ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತದೆ ಎಂದಿತು. ಈ ತೊಂದರೆಯನ್ನು ನಾವೇನೂ ಹುಟ್ಟುಹಾಕಿದ್ದಲ್ಲ ಎಂದು ಕೈ ತೊಳೆದುಕೊಂಡಿತು. ನ್ಯಾಯ ನಿನ್ನದೇ ಕಣಪ್ಪ, ಜಾಗ ಮಾತ್ರ ಇಲ್ಲ! ಈ ಮಾತನ್ನು ನಮ್ಮ ಜನ ಆಮೇಲೆ ಎಷ್ಟು ಕಚೇರಿಗಳಲ್ಲಿ ಕೇಳಿದ್ದಾರೋ.

ಈ ಪ್ರಕರಣ ಲಂಡನ್ನಿಗೂ ಮುಟ್ಟಿತು. ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ನಿರ್ದೇಶಕರು ತಿಳಿಸಿದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಅದು ಎಷ್ಟು ತೆರೆಯಿತು ಎಂಬುದಕ್ಕೆ 1881–82ರ ಅಂಕಿಗಳನ್ನು ನೋಡಬೇಕು.

ಆ ವರ್ಷ ಇಡೀ ಮುಂಬಯಿ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿಯ ಮಕ್ಕಳು 2,862. ನೂರಕ್ಕೆ ಒಂದೂ ಇಲ್ಲ. ಬ್ರಾಹ್ಮಣ ಮಕ್ಕಳು 63,071. ಇನ್ನು ಮಿಡ್ಲ್ ಸ್ಕೂಲಿಗೆ ಬನ್ನಿ. ಬ್ರಾಹ್ಮಣರು 3,639, ಅಂದರೆ ನೂರಕ್ಕೆ ಸುಮಾರು 31. ನೇಗಿಲು ಹಿಡಿದವರ ಮಕ್ಕಳು 624, ನೂರಕ್ಕೆ ಐದು. ಕೆಳಜಾತಿಯ ಮಕ್ಕಳು 17.

ಹದಿನೇಳು ಸಾವಿರವಲ್ಲ, ಹದಿನೇಳು ನೂರೂ ಅಲ್ಲ. ಬರೀ ಹದಿನೇಳು. ಹೈಸ್ಕೂಲಿನಲ್ಲಿ ಅದೂ ಇಲ್ಲ, ಸೊನ್ನೆ.

ಆ ವರ್ಷ ಮಿಡ್ಲ್ ಸ್ಕೂಲಿನ ರಿಸಲ್ಟ್ ನೂರಕ್ಕೆ ನೂರು ಬಂದಿದ್ದರೂ ಅದು ಯಾರ ರಿಸಲ್ಟು? ಹೊರಗೆ ನಿಂತವನು ಫೇಲಾದವರ ಪಟ್ಟಿಯಲ್ಲೂ ಇರುವುದಿಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿದ್ದು ಇದಕ್ಕೇ ಸಂಬಂಧಪಟ್ಟದ್ದು: ರೈತಾಪಿ ಜನರ ಬೆವರಿನ ತೆರಿಗೆ, ಮೇಲಿನವರ ಮಕ್ಕಳ ಉನ್ನತ ವಿದ್ಯೆ. ಹನ್ನೆರಡು ವರ್ಷದವರೆಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಅವರು ಕೇಳಿದರು.

ಮುಚ್ಚಿಹೋಗಿದ್ದ ಈ ಅಂಕಿಗಳನ್ನು ಮತ್ತೆ ಎತ್ತಿ ಆಯುಧ ಮಾಡಿಕೊಂಡವರು ಅಂಬೇಡ್ಕರ್. 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಹುಡುಗನ ಅರ್ಜಿಯನ್ನೂ ಸೇರಿಸಿ ಇಡೀ ಚರಿತ್ರೆಯನ್ನು ಬಿಡಿಸಿಟ್ಟರು. ಅದಕ್ಕೂ ಹಿಂದಿನ ವರ್ಷ, 1927ರ ಮಾರ್ಚಿನಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ಇನ್ನೊಂದು ಲೆಕ್ಕ ಒಪ್ಪಿಸಿದ್ದರು. ಪ್ರಾಥಮಿಕ ಶಾಲೆಗೆ ಸೇರುವ ನೂರು ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18 ಮಾತ್ರ, ಉಳಿದ 82 ಮಕ್ಕಳು ಮತ್ತೆ ಅನಕ್ಷರತೆಗೇ ಜಾರುತ್ತಾರೆ ಎಂದರು. ಸೇರಿಸಿಕೊಂಡರೆ ಸಾಲದು, ಅಕ್ಷರ ಗಟ್ಟಿಯಾಗುವವರೆಗೆ ಮಗು ಶಾಲೆಯಲ್ಲಿ ಉಳಿಯಬೇಕು ಎಂಬುದು ಅವರ ವಾದ.

ಉಳಿಯಬೇಕಾದರೆ ಏನು ಬೇಕು? ಮೊದಲು ಅನ್ನ ಬೇಕು, ತಲೆಯ ಮೇಲೊಂದು ಸೂರು ಬೇಕು, ರಾತ್ರಿ ಓದಲು ದೀಪ ಬೇಕು. ಅದಕ್ಕೇ 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಘ ಕಟ್ಟಿದರು. ಅದು ನೋಡಿಕೊಂಡ ಹಾಸ್ಟೆಲ್‌ಗಳಲ್ಲಿ ಒಂದು ಇದ್ದದ್ದು ಇದೇ ಧಾರವಾಡದಲ್ಲಿ. 1856ರಲ್ಲಿ ಒಬ್ಬನಿಗೆ ಬೆಂಚು ಕೊಡದ ಊರಿನಲ್ಲಿ ಕೇರಿಯ ಮಕ್ಕಳು ಉಂಡು, ಮಲಗಿ, ಎದ್ದು ಓದಲು ತೊಡಗಿದರು. ದಯೆಯಿಂದ ಸಿಕ್ಕಿದ್ದಲ್ಲ ಅದು, ಲೆಕ್ಕ ಕೇಳಿ ಪಡೆದದ್ದು.

ಇವತ್ತು ಕಾಲ ತಿರುಗಿದೆ. ಹಳ್ಳಿಗಳಲ್ಲಿ ಉಳ್ಳವರ ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಗಳ ವ್ಯಾನು ಹತ್ತಿದ್ದಾರೆ. ಸರ್ಕಾರಿ ಶಾಲೆಯ ಬೆಂಚುಗಳ ಮೇಲೆ ಹೆಚ್ಚಾಗಿ ಉಳಿದವರು ದಲಿತರ, ಹಿಂದುಳಿದವರ, ಬಡವರ ಮಕ್ಕಳು. ಒಂದು ಕಾಲಕ್ಕೆ ನಮ್ಮನ್ನು ಹೊರಗಿಟ್ಟು ಶಾಲೆ ನಡೆಸಿದರು. ಈಗ ಶಾಲೆಯನ್ನು ನಮಗೆ ಬಿಟ್ಟು ತಾವೇ ಹೊರಟಿದ್ದಾರೆ. ಹೊರಟವರು ಹೋಗುವಾಗ ಶಾಲೆಯ ಬಗೆಗಿನ ಕಾಳಜಿಯನ್ನೂ ಗಂಟು ಕಟ್ಟಿಕೊಂಡು ಹೋದರು. ಮೇಷ್ಟರ ಹುದ್ದೆ ಖಾಲಿ ಬಿದ್ದರೆ ಕೇಳುವವರಿಲ್ಲ. ರಿಸಲ್ಟ್ ಬಿದ್ದಾಗ ಮಾತ್ರ ಮಕ್ಕಳ ಜಾತಿ ನೆನಪಾಗುತ್ತದೆ.

ಗೆಳೆಯರೆ, ವಿಶೇಷವಾಗಿ ಹಳ್ಳಿಯ ಮೇಷ್ಟರೆ, ಒಂದು ಕೆಲಸ ಮಾಡೋಣ. ದಾಖಲಾತಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ಆರು ವರ್ಷದ ಹಿಂದೆ ಒಂದನೇ ತರಗತಿಗೆ ಸೇರಿದ ಹೆಸರುಗಳನ್ನು ಬರೆದುಕೊಳ್ಳಿ. ಅವರಲ್ಲಿ ಇವತ್ತು ಏಳನೇ ತರಗತಿಯಲ್ಲಿ ಕೂತವರು ಯಾರು, ಎದ್ದುಹೋದವರು ಯಾರು, ಯಾವ ಕೇರಿಯವರು, ಹುಡುಗಿಯರೆಷ್ಟು ಎಂದು ಗುರುತು ಹಾಕಿ. ಎದ್ದುಹೋದವರು ಎಲ್ಲಿ? ಇಟ್ಟಿಗೆ ಭಟ್ಟಿಯಲ್ಲೋ, ಕಬ್ಬು ಕಡಿಯುವ ಗ್ಯಾಂಗಿನಲ್ಲೋ, ಕುರಿ ಹಿಂದೆಯೋ, ಮದುವೆಯಾಗಿ ಗಂಡನ ಮನೆಯಲ್ಲೋ? ಅದನ್ನೂ ಬರೆಯಿರಿ. ಸಂಘಟನೆಯ ಹುಡುಗರು ಆ ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ, ಆಮೇಲೆ ಅದೇ ಪಟ್ಟಿ ಹಿಡಿದು ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಲಿ.

ಓದು ಹತ್ತೋದಿಲ್ಲ ಅನ್ನುವವರಿಗೆ ಉತ್ತರ ಆ ಪಟ್ಟಿಯಲ್ಲಿದೆ.