ಕೊಳ್ಳೇಗಾಲ, ಹನೂರು, ಯಳಂದೂರು: ಔಷಧ ಪೂರೈಕೆ ಬೆಳೆದು ಬಂದ ಬಗೆ

ಇಂದು ಚಾಮರಾಜನಗರ ಜಿಲ್ಲೆಯಲ್ಲಿ ನೆರೆಹೊರೆಯಾಗಿರುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಒಂದೇ ಆಡಳಿತದ ಅಡಿಯಲ್ಲಿ ಬೆಳೆದವಲ್ಲ. ಹನೂರನ್ನು ಒಳಗೊಂಡಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿದ್ದ ಯಳಂದೂರು ಮೈಸೂರು ಸಂಸ್ಥಾನದೊಳಗಿತ್ತು. ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವ 1940ರ ಕಾಯ್ದೆ ಬ್ರಿಟಿಷ್ ಭಾರತಕ್ಕೆ ಅನ್ವಯಿಸಿ ಸಂಸ್ಥಾನಗಳನ್ನು ಹೊರಗಿಟ್ಟಿದ್ದರಿಂದ, ಕೆಲವೇ ಮೈಲಿಗಳ ಅಂತರದಲ್ಲಿದ್ದ ಎರಡು ಊರುಗಳಲ್ಲಿ ಔಷಧದ ವಿಚಾರದಲ್ಲಿ ಎರಡು ಬಗೆಯ ಆಡಳಿತ ನಡೆದಿತ್ತು.

ಕಾಡಿನ ಅಂಚಿನ ಈ ಸೀಮೆಗೆ ಚಳಿಜ್ವರವೇ ದೊಡ್ಡ ಶತ್ರುವಾಗಿದ್ದ ಕಾಲದಲ್ಲಿ ಮೊದಲು ನೆಲೆಯೂರಿದ ಹೊಸ ಔಷಧ ಕ್ವಿನೈನ್. ಅದನ್ನು ಕೊಡುವ ಸಿಂಕೋನಾ ಮರಗಳನ್ನು ಮದ್ರಾಸ್ ಸರ್ಕಾರ 1860ರ ದಶಕದಿಂದ ಪಕ್ಕದ ನೀಲಗಿರಿಯಲ್ಲೇ ಬೆಳೆಸುತ್ತಿತ್ತು. ಆ ಕಾಲದ ಸರ್ಕಾರಿ ಔಷಧಾಲಯದಲ್ಲಿ ಸಿದ್ಧ ಮಾತ್ರೆಗಳು ಕಡಿಮೆ. ವೈದ್ಯರು ಬರೆದ ಚೀಟಿಯಂತೆ ಕಂಪೌಂಡರ್ ಪುಡಿಗಳನ್ನು ತೂಗಿ, ಅರೆದು, ನೀರಿಗೆ ಬೆರೆಸಿ ಮಿಕ್ಸ್ಚರ್ ಮಾಡಿ, ರೋಗಿ ತಂದ ಸೀಸೆಗೆ ತುಂಬಿ, ಒಂದೊಂದು ಹೊತ್ತಿನ ಅಳತೆ ತಿಳಿಯುವಂತೆ ಕಚ್ಚುಗಳಿರುವ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸುತ್ತಿದ್ದರು. ಓದು ಬಾರದವರಿಗೂ ಅರ್ಥವಾಗುತ್ತಿದ್ದ ಆ ಪಟ್ಟಿಗೆ ಸರಿಸಾಟಿಯಾದ ಏರ್ಪಾಡು ಕಾರ್ಖಾನೆಯ ಮಾತ್ರೆಗಳ ಕಾಲದಲ್ಲಿ ಬರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

1948ರ ಫಾರ್ಮಸಿ ಕಾಯ್ದೆಯು ಕಂಪೌಂಡರ್ ವೃತ್ತಿಯನ್ನು ನೋಂದಾಯಿತ ಫಾರ್ಮಸಿಸ್ಟ್ ವೃತ್ತಿಯಾಗಿ ಮಾರ್ಪಡಿಸುವ ದಾರಿ ತೆರೆಯಿತು. ವೈದ್ಯರ ಚೀಟಿಯ ಔಷಧವನ್ನು ಶಿಕ್ಷಣ ಪಡೆದು ಹೆಸರು ನೋಂದಾಯಿಸಿಕೊಂಡವರೇ ವಿತರಿಸಬೇಕೆಂಬುದು ಅದರ ತಿರುಳು. ಇನ್ನೊಂದೆಡೆ, 1945ರ ಔಷಧ ನಿಯಮಗಳ ‘ಎಚ್’ ಅನುಸೂಚಿಯು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳನ್ನು ಹೆಸರಿಸಿದರೆ, ‘ಕೆ’ ಅನುಸೂಚಿಯು ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಗಳಲ್ಲಿ ತಲೆನೋವು, ಜ್ವರ, ಹೊಟ್ಟೆಯುಬ್ಬರದಂಥವುಗಳ ಮನೆಮಟ್ಟದ ಔಷಧಗಳನ್ನು ಪರವಾನಗಿಯಿಲ್ಲದೆ ಮಾರಲು ವಿನಾಯಿತಿ ನೀಡಿತು. ಹನೂರಿನ ಬೆಟ್ಟದ ಹಳ್ಳಿಗಳಂಥ ಕಡೆ ಈ ವಿನಾಯಿತಿ ನ್ಯಾಯವಾದದ್ದೇ. ಆದರೆ ಜ್ವರದ ಮಾತ್ರೆಯ ಪಕ್ಕದಲ್ಲಿ ಆ್ಯಂಟಿಬಯಾಟಿಕ್ ಸ್ಟ್ರಿಪ್ ಬಂದು ಕೂತರೆ ವಿನಾಯಿತಿಯ ಉದ್ದೇಶವೇ ಕೆಡುತ್ತದೆ.

ಈ ಸೀಮೆಯ ನಿಜವಾದ ಕೊಡುಗೆ ಕಾಣುವುದು ಯಳಂದೂರಿನಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಕೆಲಸ ಮಾಡಿದರೆ, 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಬಯಲಿನ ಹಳ್ಳಿಗಳಲ್ಲಿ ಹರಡಿದ್ದ ಕುಷ್ಠರೋಗವನ್ನು ಎದುರಿಸಲು ಮುಂದಾಯಿತು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಲ್ಲಿ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಎಂಬ ಮೂರು ಔಷಧಗಳಿವೆ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ಹೆದರಿ ಮಾತ್ರೆ ಬಿಡುವುದು ಸಹಜ. ನಾಲ್ಕು ವಾರಗಳ ಮಾತ್ರೆಗಳನ್ನು ದಿನದ ಲೆಕ್ಕದಲ್ಲಿ ಜೋಡಿಸಿದ ಪೊಟ್ಟಣ ಕೊಟ್ಟು, ತಿಂಗಳ ಮೊದಲ ಪಾಲನ್ನು ಕಾರ್ಯಕರ್ತರ ಎದುರಿಗೇ ನುಂಗಿಸುವ ಪದ್ಧತಿ, ಔಷಧ ಕೊಡುವುದೂ ತಿಳಿಹೇಳುವುದೂ ಒಂದೇ ಕೆಲಸವೆಂದು ತೋರಿಸಿತು.

ಮೂರ್ಛೆರೋಗದ ಕೆಲಸ ಇನ್ನೂ ಮಹತ್ವದ್ದು. 1990ರ ದಶಕದಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿ ಫಿಟ್ಸ್ ಬರುವವರನ್ನು ಗುರುತಿಸಿದಾಗ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳನ್ನೇ ವರ್ಷಗಟ್ಟಲೆ ತಪ್ಪದೆ ಕೊಟ್ಟರೆ ಹಳ್ಳಿಯಲ್ಲೇ ರೋಗವನ್ನು ಹತೋಟಿಗೆ ತರಬಹುದೆಂಬ ಅವರ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿ, ಯಳಂದೂರಿನ ಹೆಸರು ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಉಳಿಯಿತು. ಇಲ್ಲಿ ಹೊಸ ಔಷಧದ ಶೋಧವಾಗಲಿಲ್ಲ. ಪೂರೈಕೆ ತಪ್ಪದಿರುವುದೇ ಚಿಕಿತ್ಸೆಯ ಅರ್ಧಭಾಗವೆಂಬುದು ಸಾಬೀತಾಯಿತು. ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರುಕಳಿಸಬಹುದಾದ್ದರಿಂದ, ದಾಸ್ತಾನು ಮುಗಿದ ಒಂದು ವಾರವೂ ರೋಗಿಗೆ ಅಪಾಯದ ವಾರವೇ. ಈ ಒಂದು ಅರಿವಿನ ಮುಂದೆ ಕಟ್ಟಡ, ಫಲಕ, ಉದ್ಘಾಟನೆಗಳೆಲ್ಲ ಎರಡನೆಯ ಮಾತು.

ಸರ್ಕಾರಿ ಪೂರೈಕೆಯಲ್ಲಿ ಈ ಅರಿವು ನಿಧಾನವಾಗಿ ಬಂತು. ಕೊಳ್ಳೇಗಾಲ ಬಿಟ್ಟು ಬಂದ ತಮಿಳುನಾಡು 1994ರಲ್ಲಿಯೇ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ, ಸಗಟು ಖರೀದಿ ಮತ್ತು ಜಿಲ್ಲಾ ಉಗ್ರಾಣಗಳ ವ್ಯವಸ್ಥೆಯನ್ನು ದೇಶಕ್ಕೆ ತೋರಿಸಿಕೊಟ್ಟಿತು. ಕರ್ನಾಟಕವೂ ಅನಂತರ ಅದೇ ದಾರಿ ಹಿಡಿದು, ಈಗ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಖರೀದಿ ನಡೆಸುತ್ತಿದೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆ ಬ್ರ್ಯಾಂಡ್ ಹೆಸರಿಲ್ಲದ, ಮೂಲದ್ರವ್ಯದ ಹೆಸರಿನಲ್ಲೇ ಮಾರುವ ಜೆನೆರಿಕ್ ಔಷಧಗಳನ್ನು ತಂದು, ಜೀವನವಿಡೀ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಬೇಕಾದವರ ಹೊರೆಯನ್ನು ಇಳಿಸಿದೆ.

ಸರಾಸರಿ ಬಳಕೆಯ ಲೆಕ್ಕದಲ್ಲಿ ದಾಸ್ತಾನು ಇಡುವ ಕ್ರಮದ ಮಿತಿ ತಿಳಿಯುವುದು ವಿಷಬಾಧೆಯ ಹೊತ್ತಿನಲ್ಲಿ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದ ತಿಂದು 17 ಮಂದಿ ಸತ್ತರು. ಅಸ್ವಸ್ಥರನ್ನು ಕಾಮಗೆರೆ, ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಿಗೆ ಒಯ್ಯಬೇಕಾಯಿತು. ಆರ್ಗನೋಫಾಸ್ಫೇಟ್ ಕೀಟನಾಶಕಗಳಿಗೆ ಮುಖ್ಯ ಪ್ರತ್ಯೌಷಧ ಅಟ್ರೋಪಿನ್. ಒಬ್ಬ ರೋಗಿಯ ಎದೆಯ ನೀರು ಆರುವವರೆಗೆ ಅದನ್ನು ಕೆಲವೇ ನಿಮಿಷಗಳಿಗೊಮ್ಮೆ ಇಮ್ಮಡಿಸುತ್ತ ಕೊಡಬೇಕಾಗುವುದರಿಂದ ಸಣ್ಣ ಆಂಪೂಲ್‌ಗಳ ಪೆಟ್ಟಿಗೆ ನೋಡನೋಡುತ್ತ ಖಾಲಿಯಾಗುತ್ತದೆ. ಹಾವು ಕಡಿತದ ವಿಷಯವೂ ಹೀಗೆಯೇ: ಮೊದಲ ಸುತ್ತಿಗೇ ಹತ್ತು ವಯಲ್‌ಗಳವರೆಗೆ ಪ್ರತಿವಿಷ ಬೇಕು, ಅಲರ್ಜಿಯಾದರೆ ಎಂದು ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು. ದ್ರವರೂಪದ ಪ್ರತಿವಿಷಕ್ಕೆ ಫ್ರಿಜ್ ಬೇಕಾದರೆ, ಒಣಪುಡಿಯ ರೂಪದ್ದು ವಿದ್ಯುತ್ ಕೈಕೊಡುವ ಊರಿಗೆ ಹೆಚ್ಚು ಒಗ್ಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನು ಇಳಿದು ಬರುವ ರೋಗಿಗೆ ಇದು ಜೀವದ ಪ್ರಶ್ನೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ, ಯಾವ ಆಸ್ಪತ್ರೆಯಲ್ಲಿ ಎಷ್ಟು ದಾಸ್ತಾನು ಬೇಕೆಂಬ ಲೆಕ್ಕಕ್ಕೆ ಆಧಾರ ದೊರೆಯಬಹುದು.

ಖಾಸಗಿ ಮೆಡಿಕಲ್ ಸ್ಟೋರ್‌ಗಳ ಮಟ್ಟಿಗೆ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ‘ಎಚ್1’ ಅನುಸೂಚಿ ಮುಖ್ಯ ಘಟ್ಟ. ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು ಮತ್ತು ಚಟ ಹಿಡಿಸಬಲ್ಲ ಕೆಲವು ಮಾತ್ರೆಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂದು ಅದು ವಿಧಿಸಿತು. ಆದರೆ ಪುಸ್ತಕದಿಂದಷ್ಟೇ ಫಾರ್ಮಸಿಸ್ಟ್ ಹುಟ್ಟುವುದಿಲ್ಲ. 1996ರಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಔಷಧವನ್ನಷ್ಟೇ ಅಲ್ಲದೆ ಅದನ್ನು ಬಳಸುವ ರೋಗಿಯನ್ನೂ ಗಮನಿಸುವ ‘ಫಾರ್ಮಸಿ ಪ್ರಾಕ್ಟೀಸ್’ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭಿಸಿತು. ಆ ತಿಳಿವಳಿಕೆ ಸುಮಾರು 60 ಕಿಲೋಮೀಟರ್ ದೂರದ ಕೊಳ್ಳೇಗಾಲದ ಕೌಂಟರಿಗೆ ಇನ್ನೂ ಪೂರ್ತಿ ಇಳಿಯಬೇಕಾಗಿದೆ.

ಆ ಕೌಂಟರಿನಲ್ಲಿ ಆಗಬೇಕಾದದ್ದು ಸಣ್ಣ ಕೆಲಸವೇ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಲ್ಲಿ ನಾಲ್ಕನ್ನು ಕತ್ತರಿಸಿ ಕೊಟ್ಟಾಗ ಔಷಧದ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ದಿನಾಂಕ ಇನ್ನೊಂದಕ್ಕೆ ಹೋಗುತ್ತದೆ; ಕಂಪನಿ ಬದಲಾಗಿ ಬಣ್ಣ ಬೇರೆಯಾದರೆ, ಹಳೆಯದೂ ಹೊಸದೂ ಒಂದೇ ಬಿ.ಪಿ. ಮಾತ್ರೆಯೆಂದು ತಿಳಿಯದ ವೃದ್ಧರು ಎರಡನ್ನೂ ನುಂಗುವ ಅಪಾಯವಿರುತ್ತದೆ. ಮಾತ್ರೆಯ ಕವರಿನ ಮೇಲೆ ಹೆಸರು, ದಿನಾಂಕ, ಹೊತ್ತುಗಳನ್ನು ಕನ್ನಡದಲ್ಲಿ ಬರೆದು, ಓದು ಬಾರದವರಿಗೆ ಬೆಳಿಗ್ಗೆ–ರಾತ್ರಿಗಳ ಗುರುತು ಹಾಕಿ, ಹಳೆಯ ಸ್ಟ್ರಿಪ್ ತರಲು ಹೇಳಿ ನೋಡುವುದಕ್ಕೆ ಬೇಕಾದದ್ದು ಎರಡು ನಿಮಿಷದ ವ್ಯವಧಾನ ಮತ್ತು ಆ ಎರಡು ನಿಮಿಷವನ್ನು ಫಾರ್ಮಸಿಸ್ಟರ ಕೆಲಸವೆಂದೇ ಲೆಕ್ಕಹಾಕುವ ಆಡಳಿತ.