ಬಿಟ್ಟಿ ದುಡಿದ ದಾರಿ

ದಸರೆಗೆ ಇನ್ನೊಂದು ವಾರವಿತ್ತು. ವಿಜಯವಾಡದ ಇಂದ್ರಕೀಲಾದ್ರಿಯ ಬುಡದಲ್ಲಿ ಬ್ಯಾರಿಕೇಡ್ ಕಟ್ಟುವ ಕೆಲಸ ಜೋರಾಗಿ ನಡೆದಿತ್ತು. ಕನಕದುರ್ಗೆಯ ಗುಡಿಗೆ ಹತ್ತುವ ಘಾಟಿ ರಸ್ತೆಯ ಪಕ್ಕ, ಬಂಡೆಗೆ ಉಕ್ಕಿನ ಬಲೆ ಹೊದಿಸಿದ್ದು ಕಾಣುತ್ತಿತ್ತು. 2020ರ ಅಕ್ಟೋಬರ್ 21ರಂದು, ಇದೇ ದಸರೆಯ ನಡುವೆ, ಮುಖ್ಯಮಂತ್ರಿ ದರ್ಶನಕ್ಕೆ ಬರುವ ಸ್ವಲ್ಪ ಹೊತ್ತಿಗೆ ಮುಂಚೆ ಇಲ್ಲಿ ಗುಡ್ಡದ ಒಂದು ಭಾಗ ಜರಿದು ಬಿದ್ದಿತ್ತು. ಬೆಟ್ಟಕ್ಕೆ ರಸ್ತೆ ಕೊರೆದವರು ಪ್ರತಿ ಮಳೆಗಾಲವೂ ಬೆಟ್ಟದ ಮುಖ ನೋಡಬೇಕು, ಬೇರೆ ದಾರಿಯಿಲ್ಲ.

ಕಂಪನಿಯ ಕೆಲಸಕ್ಕಾಗಿ ವಿಶಾಖಪಟ್ಟಣದಲ್ಲಿ ಮನೆ ಮಾಡಿ, ತಿಂಗಳಿಗೆರಡು ಸಲ ವಿಜಯವಾಡಕ್ಕೆ ಓಡಾಡುವವನು ನಾನು. ಅಂದು ಕ್ಯಾಬ್ ಓಡಿಸುತ್ತಿದ್ದ ಹುಡುಗನಿಗೆ ನನ್ನ ಹರಕು ತೆಲುಗಿನಲ್ಲಿ ಬೆಟ್ಟದ ಕಥೆ ಹೇಳುತ್ತಿದ್ದೆ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇಲ್ಲೇ ಅಂತ ಈ ಊರಿನವರ ನಂಬಿಕೆ. ಹಂದಿಯೊಂದು ಬಂತು, ಅರ್ಜುನ ಬಾಣ ಬಿಟ್ಟ, ಬೇಡನೊಬ್ಬನೂ ಬಿಟ್ಟ, ಹಂದಿ ಯಾರದೆಂದು ಜಗಳ ಹತ್ತಿತು. ನಮ್ಮ ಸಿದ್ದಾಪುರದ ಕಡೆ ಮಳೆಗಾಲದ ತಾಳಮದ್ದಳೆಯಲ್ಲಿ ಕಿರಾತನ ಪಾತ್ರಧಾರಿಗೆ ಒಳ್ಳೆಯ ಮಾತುಗಾರನೇ ಬೇಕು. 'ಇದು ನನ್ನ ಕಾಡು, ನೀನು ಯಾರು?' ಎಂಬ ಅವನ ಒಂದು ಪ್ರಶ್ನೆಗೆ ಅರ್ಜುನ ಅರ್ಧ ಗಂಟೆ ತಿಣುಕಬೇಕು. ಆಮೇಲೆ ಕಿರಾತ ಶಿವನಾಗಿಬಿಡುತ್ತಾನೆ, ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. "ಅಂದ್ರೆ ಈ ಬೆಟ್ಟ ಮೊದಲು ನಮ್ಮೋರದೇ ಸರ್." ಅವನು ಚಿಂತಪಲ್ಲಿ ಕಡೆಯ ಗಿರಿಜನ. ವಿಶಾಖಪಟ್ಟಣದಿಂದ ಪಶ್ಚಿಮಕ್ಕೆ, ಪೂರ್ವಘಟ್ಟದ ಮೇಲಿನ ಆ ಸೀಮೆಯನ್ನು ಅಲ್ಲಿಯವರು ಮನ್ಯಂ ಅನ್ನುತ್ತಾರೆ, ಸರ್ಕಾರದ ಕಾಗದದಲ್ಲಿ ಅದು ಏಜೆನ್ಸಿ. "ನಮ್ಮ ಕಡೆ ಬನ್ನಿ. ನಮ್ಮ ತಾತಂದಿರು ಮಾಡಿದ ರಸ್ತೆ ಇದೆ. ದುಡ್ಡು ಕೊಡದೆ ಮಾಡಿಸಿದ್ರು."

ಆ ಮಾತು ತಲೆಯಲ್ಲಿ ಉಳಿಯಿತು. ಮನೆಗೆ ಬಂದು ಓದಲು ಕುಳಿತೆ, ಮುಂದಿನ ಏಪ್ರಿಲ್‌ನಲ್ಲಿ ಅವನ ಜೊತೆ ಬೆಟ್ಟ ಹತ್ತಿದೆ. ಓದಿದ್ದನ್ನು ಮೊದಲು ಹೇಳುತ್ತೇನೆ.

ಆರ್‌ಆರ್‌ಆರ್ ಸಿನಿಮಾ ನೋಡಿದವರಿಗೆ ಅಲ್ಲೂರಿ ಸೀತಾರಾಮರಾಜು ಹೆಸರು ಗೊತ್ತು. ಸಿನಿಮಾದ ರಾಜು ದೆಹಲಿಯಲ್ಲಿ ಹೊಡೆದಾಡುತ್ತಾನೆ, ಚೆನ್ನಾಗಿ ಕುಣಿಯುತ್ತಾನೆ ಕೂಡ. ನಿಜದ ರಾಜುವಿನ ಕಥೆಯಲ್ಲಿ ದೆಹಲಿ ಇಲ್ಲ. ಅಲ್ಲಿರುವುದು ಕಾಡಿನ ಕಾನೂನು ಮತ್ತು ಒಂದು ರಸ್ತೆ ಕಾಮಗಾರಿ.

ಕಾನೂನು 1882ರ ಮದ್ರಾಸ್ ಅರಣ್ಯ ಕಾಯಿದೆ. ಬೆಟ್ಟದ ಜನ ಕಾಡಿನ ಒಂದು ತುಂಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಸಾಮೆ ಬಿತ್ತಿ, ಎರಡು ಮೂರು ವರ್ಷದ ಮೇಲೆ ಆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ಅಲ್ಲಿ ಅದು ಪೋಡು, ನಮ್ಮಲ್ಲಿ ಕುಮರಿ. ಉತ್ತರ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ಇದೇ ಮದ್ರಾಸ್ ಸರ್ಕಾರ 1860ರಲ್ಲೇ ಕೆನರಾದಲ್ಲಿ ಅಪ್ಪಣೆ ಹೊರಡಿಸಿತ್ತು. ಕಾಡು ಸರ್ಕಾರದ್ದಾಯಿತು. ಪೋಡು ಅಪರಾಧವಾಯಿತು, ಸೌದೆ ತಂದರೂ ದಂಡ. ಅದಕ್ಕೂ ಮೊದಲು, 1879ರಲ್ಲಿ, ಗೋದಾವರಿ ಕಡೆಯ ರಂಪಾದಲ್ಲಿ ಹೆಂಡದ ತೆರಿಗೆಯ ಸಿಟ್ಟಿಗೆ ದೊಡ್ಡ ದಂಗೆ ಎದ್ದಿತ್ತು.

ಬೆಟ್ಟದ ಹಳ್ಳಿಗಳು ಮುಠಾಗಳಾಗಿ ಹಂಚಿಹೋಗಿದ್ದವು. ಒಂದೊಂದು ಮುಠಾಕ್ಕೆ ವಂಶಪಾರಂಪರ್ಯವಾಗಿ ಒಬ್ಬ ಮುಠಾದಾರ, ನಮ್ಮ ಹಳೆಯ ಪಟೇಲರಿಗಿಂತ ತುಸು ಹೆಚ್ಚು, ಪಾಳೆಯಗಾರರಿಗಿಂತ ಬಹಳ ಕಡಿಮೆ. ಇವರು ದೇವದೂತರೇನಲ್ಲ. ಕೆಳಗಿನ ರೈತರಿಂದ ವಸೂಲಿ ಮಾಡುತ್ತಿದ್ದವರೇ. ಆದರೆ ಸರ್ಕಾರ ಅವರ ಅಧಿಕಾರವನ್ನೂ ಒಂದೊಂದಾಗಿ ಕಿತ್ತುಕೊಂಡಿತು. ಹಾಗೆ ಮುಠಾ ಕಳೆದುಕೊಂಡವರಲ್ಲಿ ಒಬ್ಬ ಗಾಂ ಗಂಟಂ ದೊರ. ಅವನ ತಮ್ಮ ಮಲ್ಲು ದೊರ.

ಇನ್ನು ರಸ್ತೆ. ನರಸೀಪಟ್ಟಣದ ಬಯಲಿನಿಂದ ಲಂಬಸಿಂಗಿ ಘಾಟಿ ಹತ್ತಿ ಚಿಂತಪಲ್ಲಿ ಕಡೆಗೆ ಹೋಗುವ ದಾರಿ. ಆ ಕಾಲದಲ್ಲಿ ಗೂಡೆಂ ಸೀಮೆಯ ಡೆಪ್ಯುಟಿ ತಹಸೀಲ್ದಾರನಾಗಿದ್ದವನು ಬಾಸ್ಟಿಯನ್. ಆ ದಂಗೆಯ ಬಗ್ಗೆ ಬರೆದ ಡೇವಿಡ್ ಆರ್ನಾಲ್ಡ್, ಅಟ್ಲೂರಿ ಮುರಳಿಯಂಥ ಇತಿಹಾಸಕಾರರೆಲ್ಲ ಈ ಹೆಸರಿನ ಬಳಿ ನಿಲ್ಲುತ್ತಾರೆ. ಕಾರಣ, ಬೆಟ್ಟದ ಜನರನ್ನು ಒತ್ತಾಯದಿಂದ ರಸ್ತೆ ಕೆಲಸಕ್ಕೆ ಹಿಡಿದು ತಂದಿದ್ದು, ಸರ್ಕಾರ ಗೊತ್ತುಮಾಡಿದ ಕೂಲಿಯನ್ನು ಪೂರ್ತಿ ಕೊಡದೆ ಇದ್ದದ್ದು. ಹೊಲ ಬಿತ್ತುವ ಕಾಲಕ್ಕೆ ಗಂಡಸು ಘಾಟಿಯಲ್ಲಿ ಕಲ್ಲು ಒಡೆಯುತ್ತಿದ್ದರೆ ಆ ವರ್ಷ ಮನೆಯಲ್ಲಿ ಏನಾಗುತ್ತದೆಂದು ರೈತರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ.

ಇದಕ್ಕೆ ತೆಲುಗಿನಲ್ಲಿ ವೆಟ್ಟಿ ಚಾಕಿರಿ ಎನ್ನುತ್ತಾರೆ. ನಮ್ಮ ಬಿಟ್ಟಿ ಚಾಕರಿ. ವೆಟ್ಟಿ, ಬಿಟ್ಟಿ ಎರಡೂ ಒಂದೇ ಬೇರಿನವು, ಸಂಸ್ಕೃತದ ವಿಷ್ಟಿಯಿಂದ ಬಂದವು. ಹಳೆಗನ್ನಡ ಶಾಸನಗಳಲ್ಲಿ ಬಿಟ್ಟಿ ಅಂದರೆ ಪ್ರಜೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಾದ ಸೇವೆ. ಈಗ ನಾವು 'ಕೂಪನ್ ಇತ್ತು, ಬಿಟ್ಟಿ ಸಿಕ್ತು' ಅನ್ನುತ್ತೇವೆ. ದುಡಿದವನ ಕಡೆಯಿಂದ ಇದ್ದ ಮಾತು ಯಾವಾಗಲೋ ಪಡೆದವನ ಕಡೆಗೆ ಬಂದುಬಿಟ್ಟಿದೆ. ಲಂಬಸಿಂಗಿಗೆ ಚಳಿಗಾಲದಲ್ಲಿ ಮಂಜು ನೋಡಲು ಹೋಗುವ ನಾವೂ ಅದೇ ಘಾಟಿಯನ್ನು ಹತ್ತುತ್ತೇವೆ.

ಸೀತಾರಾಮರಾಜು ಬೆಟ್ಟದವನಲ್ಲ. ಬಯಲಿನ ಕ್ಷತ್ರಿಯರ ಮನೆಯಲ್ಲಿ ಹುಟ್ಟಿ, ಸನ್ಯಾಸಿಯಂತೆ ತಿರುಗುತ್ತಾ, ಕೃಷ್ಣದೇವಿಪೇಟೆಯ ಸುತ್ತ ನೆಲೆ ನಿಂತವನು. ಅಸಹಕಾರ ಚಳವಳಿಯ ಗಾಳಿಯಲ್ಲಿ ಕುಡಿತ ಬಿಡಿ, ಕೋರ್ಟಿಗೆ ಹೋಗಬೇಡಿ, ನ್ಯಾಯ ಊರಲ್ಲೇ ಹೇಳಿಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದ. ಚೌರಿಚೌರಾದ ನಂತರ ಗಾಂಧಿ ಚಳವಳಿ ನಿಲ್ಲಿಸಿದ್ದು 1922ರ ಫೆಬ್ರವರಿಯಲ್ಲಿ. ಬೆಟ್ಟದಲ್ಲಿ ಅದು ನಿಲ್ಲಲಿಲ್ಲ, ಬೇರೆ ರೂಪ ತಾಳಿತು.

ಆ ವರ್ಷ ಆಗಸ್ಟ್ 22ರಂದು ರಾಜು ಮತ್ತು ದೊರೆ ಸಹೋದರರ ಹಿಂದೆ ನೂರಾರು ಜನ ಸೇರಿ ಚಿಂತಪಲ್ಲಿ ಪೊಲೀಸ್ ಠಾಣೆಗೆ ನುಗ್ಗಿದರು. 23ರಂದು ಕೃಷ್ಣದೇವಿಪೇಟೆ, 24ರಂದು ರಾಜವೊಮ್ಮಂಗಿ. ಮೂರು ದಿನ, ಮೂರು ಠಾಣೆ, 26 ಬಂದೂಕು, ಎರಡೂವರೆ ಸಾವಿರಕ್ಕೂ ಹೆಚ್ಚು ಗುಂಡು. ತೆಗೆದುಕೊಂಡ ಬಂದೂಕುಗಳ ಲೆಕ್ಕವನ್ನು ಠಾಣೆಯ ಪುಸ್ತಕದಲ್ಲೇ ಬರೆದು ರಾಜು ಸಹಿ ಹಾಕಿದನೆಂದು ಅಲ್ಲಿ ಈಗಲೂ ಹೇಳುತ್ತಾರೆ. ಕೂಲಿಯ ಲೆಕ್ಕದಲ್ಲಿ ಮೋಸ ಹೋದ ಜನ ಲೆಕ್ಕ ಬರೆದಿಟ್ಟು ಹೋದರು ಎನ್ನುವುದು ನನಗೆ ಇಡೀ ದಂಗೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ನಮ್ಮ ಹಲಗಲಿ ಇಲ್ಲಿ ನೆನಪಾಗದೆ ಇರದು. 1857ರಲ್ಲಿ ಮುಧೋಳ ಸಂಸ್ಥಾನದ ಬೇಡರಿಗೆ ಹತಾರ ಒಪ್ಪಿಸಿ ಎಂದರು, ಅವರು ಒಲ್ಲೆವೆಂದರು, ಊರೇ ಸುಟ್ಟುಹೋಯಿತು. ಹಲಗಲಿಯವರು ಇದ್ದ ಆಯುಧ ಉಳಿಸಿಕೊಳ್ಳಲು ಸತ್ತರು. ಚಿಂತಪಲ್ಲಿಯವರು ಇಲ್ಲದ ಆಯುಧ ತರಲು ಠಾಣೆಗೆ ಹೋದರು. ನಡುವೆ 65 ವರ್ಷ. ಹಲಗಲಿಗೆ ಲಾವಣಿ ಸಿಕ್ಕಿತು, ನಾವು ಶಾಲೆಯಲ್ಲಿ ಓದಿದೆವು. ಲಂಬಸಿಂಗಿಯ ಘಾಟಿಯಲ್ಲಿ ಕಲ್ಲು ಒಡೆದವರ ಹೆಸರುಗಳು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ದೊರೆಗಳ ಹೆಸರಿದೆ, ರಾಜುವಿನ ಹೆಸರಿದೆ, ಬಾಸ್ಟಿಯನ್ನನದೂ ಇದೆ.

ಸೆಪ್ಟೆಂಬರ್ 24ರಂದು ದಾಮನಪಲ್ಲಿ ಘಾಟಿಯ ಇಕ್ಕಟ್ಟಿನಲ್ಲಿ ಕಾದು ಕುಳಿತ ರಾಜುವಿನವರು, ಮುಂದೆ ಬಂದ ದೇಶಿ ಪೊಲೀಸರನ್ನು ಹೋಗಲು ಬಿಟ್ಟು, ಹಿಂದೆ ಬಂದ ಸ್ಕಾಟ್ ಕವರ್ಡ್ ಮತ್ತು ಹೇಟರ್ ಎಂಬ ಇಬ್ಬರು ಬಿಳಿಯ ಅಧಿಕಾರಿಗಳನ್ನು ಕೊಂದರು. ಆಮೇಲೆ ಮಲಬಾರ್ ಸ್ಪೆಷಲ್ ಪೊಲೀಸ್ ಬಂತು, ಅಸ್ಸಾಂ ರೈಫಲ್ಸ್ ಬಂತು. ಹಳ್ಳಿಗಳಿಗೆ ಅಕ್ಕಿ ಹೋಗದಂತೆ ನೋಡಿಕೊಂಡರು, ಆಶ್ರಯ ಕೊಟ್ಟವರಿಗೆ ದಂಡ ಹಾಕಿದರು. 1924ರ ಮೇ 7ರಂದು ರಾಜು ಸಿಕ್ಕಿಬಿದ್ದ, ವಿಚಾರಣೆಯಿಲ್ಲದೆ ಗುಂಡಿಕ್ಕಿದರು. ಒಂದು ತಿಂಗಳಲ್ಲಿ ಗಂಟಂ ದೊರನೂ ಸತ್ತ. ಮಲ್ಲು ದೊರ ಸಿಕ್ಕಿ ಅಂಡಮಾನಿಗೆ ಹೋದ. ಬದುಕಿ ಬಂದು 1952ರಲ್ಲಿ ವಿಶಾಖಪಟ್ಟಣದಿಂದ ಗೆದ್ದು ಮೊದಲ ಲೋಕಸಭೆಯಲ್ಲಿ ಕುಳಿತ. ಯಾವ ಸಿನಿಮಾದವರಿಗೂ ಈ ಮುಕ್ತಾಯ ಬೇಡವಾಯಿತು.

ದಂಗೆ ಅಡಗಿಸಲು ಸರ್ಕಾರಕ್ಕೆ ಸುಮಾರು 40 ಲಕ್ಷ ರೂಪಾಯಿ ಆಯಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಕೂಲಿಯಲ್ಲಿ ಹಿಡಿದದ್ದು ಆಣೆಗಳ ಲೆಕ್ಕ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಬಜೆಟ್ ಮೀರಿದ ಕೆಲಸ ಕಂಡರೆ ಎಲ್ಲಿ ತಪ್ಪಿತೆಂದು ಹುಡುಕುವುದು ಹೊಟ್ಟೆಪಾಡು. ಬಾಸ್ಟಿಯನ್ನನ ಬಗ್ಗೆ ಓದುವಾಗ ಮೊದಲು ಬಂದ ಯೋಚನೆ, ನಾಚಿಕೆಯಿಂದ ಹೇಳುತ್ತೇನೆ, ನೈತಿಕವಾದದ್ದಲ್ಲ. ಎಂಥ ಕೆಟ್ಟ ಮ್ಯಾನೇಜರ್ ಇವನು ಅನಿಸಿತು. ಎರಡನೆಯದಾಗಿ ನೆನಪಾದದ್ದು ಕೆಲವು ವರ್ಷಗಳ ಹಿಂದಿನ ನನ್ನದೇ ಒಂದು ಸಹಿ. ಗುತ್ತಿಗೆಯ ಮೇಲೆ ಬಂದಿದ್ದ ಹುಡುಗರು ಒಂದು ರಿಲೀಸ್‌ಗಾಗಿ ಮೂರು ವಾರಾಂತ್ಯ ಆಫೀಸಿನಲ್ಲೇ ಮಲಗಿದ್ದರು. ಅವರ ಏಜೆನ್ಸಿ ಕಳಿಸಿದ ಟೈಮ್‌ಶೀಟಿನಲ್ಲಿ ಆ ಶನಿವಾರ ಭಾನುವಾರಗಳು ಇರಲಿಲ್ಲ. ಬಜೆಟ್ಟಿಗೆ ಅದೇ ಅನುಕೂಲವಾಗಿತ್ತು. ನಾನು ಒಂದು ನಿಮಿಷ ನೋಡಿದೆ, ಸಹಿ ಹಾಕಿದೆ. ಅವರಲ್ಲಿ ಒಬ್ಬ ಮಾತ್ರ ಕೇಳಿದ್ದ. 'ನಿಮ್ಮ ಏಜೆನ್ಸಿಯವರನ್ನು ಕೇಳು' ಅಂದಿದ್ದೆ. ಅವನ ಹೆಸರು ನೆನಪಿಲ್ಲ. ಘಾಟಿಯ ಕೂಲಿಗಳ ಹೆಸರು ಪುಸ್ತಕದಲ್ಲಿಲ್ಲವೆಂದು ಮೇಲೆ ದೂರಿದವನು ನಾನೇ.

ಏಪ್ರಿಲ್‌ನಲ್ಲಿ ಹುಡುಗನ ಊರಿಗೆ ಹೊರಟೆವು. 2022ರ ಏಪ್ರಿಲ್ 4ರಿಂದ ಈ ಸೀಮೆಗೆ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯೆಂದು ಹೆಸರು, ಪಾಡೇರು ಅದರ ಕೇಂದ್ರ. ನರಸೀಪಟ್ಟಣ ದಾಟಿ ಘಾಟಿ ಶುರುವಾದಾಗ ಹುಡುಗ ಮಾತು ನಿಲ್ಲಿಸಿದ. ತಿರುವುಗಳನ್ನು ಎಣಿಸುತ್ತಿದ್ದಾನೇನೋ ಅಂದುಕೊಂಡೆ. ಮೇಲೆ ಲಂಬಸಿಂಗಿಯಲ್ಲಿ ಚಹಾ ಕುಡಿದು ಮುಂದೆ ಹೋದರೆ ರಾಷ್ಟ್ರೀಯ ಹೆದ್ದಾರಿ 516ಇ. ರಾಜಮಹೇಂದ್ರಿಯಿಂದ ರಂಪಚೋಡವರಂ, ಕೊಯ್ಯೂರು, ಚಿಂತಪಲ್ಲಿ, ಪಾಡೇರು, ಅರಕು ಮೇಲೆ ವಿಜಯನಗರಕ್ಕೆ ಹೋಗುವ ದಾರಿ. ಇದರ ಊರುಗಳನ್ನು ಓದಿದರೆ ದಂಗೆಯ ನಕ್ಷೆಯನ್ನೇ ಓದಿದಂತೆ. ಅದನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಕೆಂಪು ಮಣ್ಣಿನ ಗೋಡೆ, ಜೆಸಿಬಿ, ಹೊಸ ಮೋರಿಗಳು.

ಹುಡುಗನ ಊರು ಮೂವತ್ತು ಮನೆಯ ಹಳ್ಳಿ. ರಸ್ತೆ ಬದಿಯ ಅವನ ದೊಡ್ಡಮ್ಮನ ಚಹಾ ಅಂಗಡಿಯ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆದಿದ್ದರು, ಗೆರೆಯವರೆಗೂ ಹೋಗುತ್ತದೆಂದು ಅರ್ಥ. ಗೆರೆಯ ಆಚೆ ಉಳಿಯುವುದು ಒಲೆ ಮಾತ್ರ. ಊರಿನವರಿಗೆ ಆಗ ಎರಡು ಚಿಂತೆ. ಒಂದು ಈ ಗೆರೆ. ಇನ್ನೊಂದು ಮೇ ತಿಂಗಳಲ್ಲಿ ಪಾಡೇರಿನಲ್ಲಿ ಮೂರು ದಿನ ನಡೆಯುವ ಮೋದಕೊಂಡಮ್ಮನ ಜಾತ್ರೆ. ಆಂಧ್ರದ ಬೆಟ್ಟಗಳಿಂದ, ಒಡಿಶಾದ ಕಡೆಯಿಂದ ಜನ ಇದೇ ದಾರಿಯಲ್ಲಿ ಹೋಗುತ್ತಾರೆ. ದೊಡ್ಡಮ್ಮನಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಆ ವಾರದ್ದು.

"ರಸ್ತೆ ಬೇಡವಾ ದೊಡ್ಡಮ್ಮಾ?" ಎಂದು ಕೇಳಿದೆ. ಹುಡುಗ ಅವರ ಭಾಷೆಗೆ ತಿರುಗಿಸಿದ. ಅವಳು ನನ್ನನ್ನು ಪೆದ್ದನಂತೆ ನೋಡಿದಳು. ರಸ್ತೆಯಿಲ್ಲದ ಮೇಲಿನ ಹಳ್ಳಿಯಿಂದ ಅವಳ ತಂಗಿಯನ್ನು ಹೆರಿಗೆಗೆ ಡೋಲಿಯಲ್ಲಿ, ಬಿದಿರಿಗೆ ಬಟ್ಟೆ ಕಟ್ಟಿ, ಹೊತ್ತು ತಂದಿದ್ದರಂತೆ. "ರಸ್ತೆ ಬೇಕು. ಜಾತ್ರೆ ಆದ ಮೇಲೆ ಒಡೀಲಿ. ದುಡ್ಡು ಕೊಟ್ಟು ಒಡೀಲಿ." ಪರಿಹಾರದ ಕಾಗದವನ್ನು ಡಬ್ಬಿಯಿಂದ ತೆಗೆದು ತೋರಿಸಿದಳು. ತೆಲುಗು ಅಕ್ಷರ ನನಗೆ ನಿಧಾನ. ಹುಡುಗನೇ ಓದಿ, ಅಂಗಡಿಯ ಉದ್ದ ಅಗಲವನ್ನು ಟೇಪು ಹಿಡಿದು ಮತ್ತೆ ಅಳೆದ. ಕಾಗದದಲ್ಲಿ ಎರಡು ಅಡಿ ಕಡಿಮೆ ಇತ್ತು. ನಾನು ಮೊಬೈಲಿನಲ್ಲಿ ನಕ್ಷೆ ಬರೆದು, ನಾಲ್ಕೂ ಕಡೆಯ ಫೋಟೋ ತೆಗೆದು, ಅವನು ಹೇಳಿದಂತೆ ಅರ್ಜಿ ಟೈಪ್ ಮಾಡಿಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು.

ಅದು ಇಟುಕಲ ಹಬ್ಬದ ಕಾಲ. ಚೈತ್ರದ ಈ ಹಬ್ಬದಲ್ಲಿ ಗಂಡಸರು ಬೇಟೆಗೆ ಹೋಗುತ್ತಾರೆ, ಹೆಂಗಸರು ರಸ್ತೆಗೆ ಅಡ್ಡಲಾಗಿ ಹಗ್ಗ ಹಿಡಿದು ಹೋಗಿಬರುವ ಗಾಡಿಗಳನ್ನು ನಿಲ್ಲಿಸಿ ಹಬ್ಬದ ದುಡ್ಡು ಕೇಳುತ್ತಾರೆ. ವಾಪಸು ಬರುವಾಗ ಹತ್ತು ಹನ್ನೆರಡು ಕಡೆ ನಮ್ಮನ್ನು ನಿಲ್ಲಿಸಿದರು. ಮೊದಲೆರಡು ಕಡೆ ಹತ್ತು ರೂಪಾಯಿ ಕೊಟ್ಟೆ. ಆಮೇಲೆ ಚಿಲ್ಲರೆ ಮುಗಿಯಿತು, ಐವತ್ತು ಕೊಟ್ಟೆ. ಘಾಟಿ ಇಳಿಯುವ ಮೊದಲಿನ ಕೊನೆಯ ಹಗ್ಗದ ಬಳಿ ಪರ್ಸಿನಲ್ಲಿ ಐನೂರರ ನೋಟು ಒಂದೇ ಉಳಿದಿತ್ತು. ಹಗ್ಗ ಹಿಡಿದಿದ್ದ ಹುಡುಗಿ ಅದನ್ನು ನೋಡಿ, "ಚಿಲ್ಲರೆ ಇಲ್ಲ ಸಾರ್" ಅಂದಳು.

"ಬೇಡ, ಇಟ್ಟುಕೋ" ಅಂದೆ. ಅವಳು ಹಗ್ಗ ಇಳಿಸಿದಳು.